ಜಮಖಾನೆ ಹೊದ್ದ ರಾಕ್ಷಸ

ನಮ್ಮಪ್ಪನಿಗೆ ಸ್ಟಾರ್ ಟ್ರೆಕ್ ಅಂದರೆ ಒಂದು ಪಂಪು.

ಬಾಹ್ಯಾಕಾಶದ ಹಡಗಿನವರ ಕಥೆ ಹೇಳುವ ಆ ಅಮೆರಿಕದ ಟಿವಿ ಸರಣಿಯ ನಾಯಕ ಕ್ಯಾಪ್ಟನ್ ಕಿರ್ಕ್ ಹೆಸರು ಅವರಿಗೆ ನೆನಪಿಲ್ಲ. ಸ್ಪಾಕ್ ಅಂದರೆ 'ಆ ಚೂಪ್ ಕಿವಿ ಮನಿಷ್ಯಾ', ಅಷ್ಟೇ. ಆದರೆ ಆ ಹಡಗಿನ ಇಂಜಿನಿಯರ್ ಸ್ಕಾಟಿ ಸಿಕ್ಕಿದ ಸಾಮಾನು ಜೋಡಿಸಿ ಒಂದು ಪಂಪು ಓಡಿಸಿದ್ದನ್ನು ಮಾತ್ರ ನಲವತ್ತು ವರ್ಷ ಆದರೂ ಮರೆತಿಲ್ಲ. ಮನೆಯಲ್ಲಿ ಬೋರ್‌ವೆಲ್ ಮೋಟರ್ ಕೈಕೊಟ್ಟಾಗಲೆಲ್ಲ ಆ ಕಥೆ ಬಂದೇ ಬರುತ್ತದೆ. "ಟಿವಿಯೊಳಗ ಒಬ್ಬಾಂವ ಇದ್ದ ನೋಡು. ಸ್ಪೇರ್ ಪಾರ್ಟ್ ಇಲ್ಲ, ಏನಿಲ್ಲ. ಪಂಪ್ ಓಡಿಸಿಬಿಟ್ಟ. ಕಡೀತನಕ ತಡೀತು."

ಅಪ್ಪ ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದರು. ವಾರವಿಡೀ ಗ್ರೀಸು, ಎಣ್ಣೆ, ಸೈರನ್ನು. ಭಾನುವಾರ ಬೆಳಗ್ಗೆ ಮಾತ್ರ ಸ್ನಾನ ಮಾಡಿ, ಒಗ್ಗರಣೆ ಅವಲಕ್ಕಿ ತಿಂದು, ನನ್ನ ಕೈ ಹಿಡಿದುಕೊಂಡು ಮೂರು ಮನೆ ಆಚೆಗಿನ ಗಾರ್ಡ್ ಕಾಕಾನ ಮನೆಗೆ ಹೊರಡುತ್ತಿದ್ದರು. 1980ರ ದಶಕದ ನಡುವಿನ ಮಾತು ಇದು. ಭಾನುವಾರ ಬೆಳಗ್ಗೆ ದೂರದರ್ಶನದಲ್ಲಿ ಸ್ಟಾರ್ ಟ್ರೆಕ್ ಬರುತ್ತಿತ್ತು, ನಮ್ಮ ಓಣಿಯಲ್ಲಿ ಇದ್ದದ್ದು ಎರಡೇ ಟಿವಿ. ಕಾಕಾನದು ಕಪ್ಪು-ಬಿಳುಪಿನದ್ದು. ಕಲರ್ ಟಿವಿ ಥರ ಕಾಣಲಿ ಅಂತ ಅದರ ಮುಂದೆ ಒಂದು ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿದ್ದರು, ಮೇಲೆ ನೀಲಿ, ನಡುವೆ ಕೆಂಪು, ಕೆಳಗೆ ಹಸಿರು. ಹಾಗಾಗಿ ನನ್ನ ಬಾಲ್ಯದ ಕ್ಯಾಪ್ಟನ್ ಕಿರ್ಕ್‌ಗೆ ನೀಲಿ ತಲೆ, ಹಸಿರು ಕಾಲು. ಅವನೇ ಬೇರೆ ಗ್ರಹದವನು ಅಂತ ನಾನು ಎಷ್ಟೋ ದಿನ ಅಂದುಕೊಂಡಿದ್ದೆ.

ಆ ಇಂಗ್ಲಿಷ್ ನಮ್ಮಲ್ಲಿ ಯಾರಿಗೆ ತಿಳೀತಿತ್ತು? ಯಾರಿಗೂ ಇಲ್ಲ. ಆದರೂ ಯಾರೂ ಎದ್ದು ಹೋಗುತ್ತಿರಲಿಲ್ಲ. ಇಪ್ಪತ್ತು ಜನ ನೆಲದ ಮೇಲೆ ಕೂತು, ಬಾಗಿಲಲ್ಲಿ ಚಪ್ಪಲಿ ರಾಶಿ ಹಾಕಿ, ಮುಖ ನೋಡಿಯೇ ಕಥೆ ಕಟ್ಟಿಕೊಳ್ಳುತ್ತಿದ್ದೆವು.

ಆ ಪಂಪಿನ ಕಥೆ ನಿಮಗೂ ಹೇಳಬೇಕು, ಯಾಕಂದರೆ ಮುಂದಿನ ನನ್ನ ತಕರಾರೆಲ್ಲ ಅದರ ಮೇಲೆಯೇ ನಿಂತಿದೆ. ಒಂದು ಗ್ರಹ, ಅದರ ಹೊಟ್ಟೆಯಲ್ಲಿ ಗಣಿ. ಗಣಿಯಲ್ಲಿ ಏನೋ ಒಂದು ಪ್ರಾಣಿ ಕೆಲಸಗಾರರನ್ನು ಸುಟ್ಟು ಸಾಯಿಸುತ್ತಿದೆ. ಸಾಲದ್ದಕ್ಕೆ ರಿಯಾಕ್ಟರಿನ ಪಂಪನ್ನೇ ಕಿತ್ತುಕೊಂಡು ಹೋಗಿದೆ. ಪಂಪಿಲ್ಲದಿದ್ದರೆ ಎಲ್ಲರೂ ಗೊಟಕ್. ಸ್ಕಾಟಿ ಬಂದು ನೋಡುತ್ತಾನೆ. ಆ ಮಾಡೆಲ್ ಎಷ್ಟು ಹಳೆಯದು ಅಂದರೆ ಅವನೇ ಇಪ್ಪತ್ತು ವರ್ಷದಿಂದ ಅಂಥದ್ದನ್ನು ಕಂಡಿಲ್ಲ, ಸ್ಪೇರ್ ಎಲ್ಲಿಂದ ತರೋದು? ಇಷ್ಟು ತಿಳಿಯೋಕೆ ಅಪ್ಪನಿಗೆ ಇಂಗ್ಲಿಷ್ ಬೇಕಾಗಲಿಲ್ಲ. ಉಗಿಬಂಡಿ ಹೋಗಿ ಡೀಸೆಲ್ ಬರುತ್ತಿದ್ದ ಕಾಲ ಅದು. ಹಳೇ ಇಂಜಿನ್ನಿಗೆ ಪಾರ್ಟು ಸಿಗದೆ ತಾವೇ ಕಡೆದು, ಅರ ಹಾಕಿ, ಕೂಡಿಸುತ್ತಿದ್ದ ಜನ ಅವರು. ಸ್ಕಾಟಿಯ ಮುಖದ ಮೇಲಿನ ಬೆವರು ನೋಡಿ ಅಪ್ಪ ಹೇಳಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ: "ಇಂವಾ ಖರೇ ಕೆಲಸಗಾರ."

ಆಮೇಲೆ ಆ ಪ್ರಾಣಿ ಬಂತು. ಎಲ್ಲರೂ ಉಸಿರು ಬಿಗಿ ಹಿಡಿದಿದ್ದಾಗ ಕಾಕು ಒಳಗಿನಿಂದ ಬಂದು ನೋಡಿ, "ಅಯ್ಯ, ನವಲಗುಂದದ ಜಮಖಾನಿ ಹೊತ್ಗೊಂಡು ಯಾರೋ ತೆವಳಾಕತ್ತಾರಲ್ಲೋ!" ಅಂದರು. ಮನೆಯೆಲ್ಲಾ ನಗು. ನಿಜವಾಗಿಯೂ ಅದರೊಳಗೆ ಒಬ್ಬ ಮನುಷ್ಯ ಅಂಬೆಗಾಲಲ್ಲಿ ತೆವಳುತ್ತಿದ್ದ, ಅದು ಎದ್ದು ಕಾಣುತ್ತಿತ್ತು. ಆದರೆ ಹತ್ತು ನಿಮಿಷದಲ್ಲಿ ಆ ನಗು ನಿಂತಿತು.

ಕಿರ್ಕ್ ಸುರಂಗದಲ್ಲಿ ಒಬ್ಬನೇ ಆ ಜಮಖಾನೆಗೆ ಎದುರಾಗುತ್ತಾನೆ. ಕೈಯಲ್ಲಿ ಬಂದೂಕಿದೆ. ಶುರುವಿನಲ್ಲಿ ಅದನ್ನು ಕೊಲ್ಲಿ ಅಂತ ಹುಕುಂ ಕೊಟ್ಟವನು ಅವನೇ. ಬೇಡ, ಹಿಡಿಯೋಣ ಅಂದವನು ಸ್ಪಾಕ್. ಈಗ ಉಲ್ಟಾ. ರೇಡಿಯೊದಲ್ಲಿ ಸ್ಪಾಕ್ ಹೊಡಿ ಅನ್ನುತ್ತಿದ್ದಾನೆ, ಕಿರ್ಕ್ ಹೊಡೆಯುತ್ತಿಲ್ಲ. ಬಂದೂಕು ತಗ್ಗಿಸುತ್ತಾನೆ. ಆ ಪ್ರಾಣಿಯೂ ಮುಂದೆ ಬರುವುದಿಲ್ಲ. ಇವನು ಕಲ್ಲಿಗೆ ಒರಗಿ ಅದರ ಎದುರಿಗೆ ಕೂತುಬಿಡುತ್ತಾನೆ. ಸುಮ್ನೆ ಕೂರುತ್ತಾನೆ. ನಮ್ಮ ಊರಿನ ಯಾರಾದರೂ ಹಿರಿಯರು ಜಗಳ ಬಿಡಿಸೋಕೆ ಹೋಗಿ ಕಟ್ಟೆಯ ಮೇಲೆ ಕೂತ ಹಾಗೆ.

ಆಮೇಲೆ ತಿಳಿಯುವುದು ಏನಂದರೆ, ಅದು ತಾಯಿ. ಗಣಿಯವರು ಬಣ್ಣದ ಕಲ್ಲಿನ ಗುಂಡು ಅಂತ ಸಾವಿರಗಟ್ಟಲೆ ಒಡೆದು ಬಿಸಾಕಿದ್ದೆಲ್ಲ ಅದರ ಮೊಟ್ಟೆಗಳು. ಮ್ಯಾನೇಜರ್ ಟೇಬಲ್ ಮೇಲೆ ಒಂದನ್ನು ಶೋಕಿಗೆ ಇಟ್ಟುಕೊಂಡಿದ್ದ. ಡಾಕ್ಟರ್ ಮೆಕಾಯ್ ಬಂದು ಅದರ ಗಾಯಕ್ಕೆ ಸಿಮೆಂಟ್ ಥರದ್ದನ್ನು ಮೆತ್ತಿ ವಾಸಿ ಮಾಡುತ್ತಾನೆ, ಯಾಕಂದರೆ ಅದರ ಮೈಯೇ ಕಲ್ಲಿನದು. ಆ ಪ್ರಾಣಿಯ ಹೆಸರು ಹೋರ್ಟಾ. ಕೊನೆಗೆ ಗಣಿಯವರಿಗೂ ಅದಕ್ಕೂ ರಾಜಿ: ಅದರ ಮರಿಗಳು ಸುರಂಗ ಕೊರೆಯಲಿ, ಇವರು ಅದಿರು ಆರಿಸಿಕೊಳ್ಳಲಿ. ಕಾಕು ಕಣ್ಣೊರೆಸಿಕೊಂಡಿದ್ದು ನಾನು ನೋಡಿದೆ. ಜಮಖಾನೆಗೆ!

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ಹೋದ ತಿಂಗಳು ನನ್ನ ಮಗಳು ಬೆಂಗಳೂರಿನಿಂದ ಬಂದಿದ್ದಳು. ರಾತ್ರಿ ಊಟ ಆದ ಮೇಲೆ ಟಿವಿಗೆ ಹೊಸ ಸ್ಟಾರ್ ಟ್ರೆಕ್ ಹಾಕಿದಳು, 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್', 2022ರಲ್ಲಿ ಶುರುವಾದದ್ದು. ಅಪ್ಪನಿಗೆ ಈಗ ಎಂಬತ್ತೆರಡು. ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ತೆರೆಯ ಮೇಲೆ ಗಾರ್ನ್ ಅನ್ನೋ ಹಲ್ಲಿಯಂಥ ಪ್ರಾಣಿಗಳು. ಮನುಷ್ಯರ ಮೈಯೊಳಗೆ ಮೊಟ್ಟೆ ಇಡುತ್ತವೆ, ಮರಿ ಮೈ ಸೀಳಿಕೊಂಡು ಹೊರಗೆ ಬರುತ್ತವೆ, ಬಂದ ಕೂಡಲೇ ಕಚ್ಚುತ್ತವೆ. ಕತ್ತಲು, ಕಿರುಚಾಟ, ರಕ್ತ. ಗ್ರಾಫಿಕ್ಸ್ ಬಗ್ಗೆ ಎರಡು ಮಾತಿಲ್ಲ, ಜಮಖಾನೆ ಎಲ್ಲೂ ಕಾಣಲ್ಲ.

ಅಪ್ಪ ಸ್ವಲ್ಪ ಹೊತ್ತು ನೋಡಿ ಕೇಳಿದರು: "ಅದು ಯಾಕ ಕಡ್ಯಾಕತ್ತೈತಿ?"

ಮಗಳು ಫೋನು ನೋಡುತ್ತಾ, "ಅದು ಹಂಗೇ ಅಜ್ಜ. ಅದು ಗಾರ್ನ್" ಅಂದಳು.

ಅಪ್ಪ ಮತ್ತೇನೂ ಕೇಳಲಿಲ್ಲ. ಐದು ನಿಮಿಷ ಬಿಟ್ಟು ಮಲಗೋಕೆ ಹೋದರು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಈ ಐವತ್ತು ಚಿಲ್ಲರೆ ವರ್ಷದಲ್ಲಿ ಸ್ಟಾರ್ ಟ್ರೆಕ್‌ಗೆ ಏನಾಗಿದೆ ಅಂತ ನಾನು ಎಷ್ಟೋ ಸಲ ಗೆಳೆಯರ ಜೊತೆ ವಾದ ಮಾಡಿದ್ದೇನೆ. ಅಜ್ಜ-ಮೊಮ್ಮಗಳು ಎರಡು ಸಾಲಲ್ಲಿ ಮುಗಿಸಿಬಿಟ್ಟರು. 'ಯಾಕ' ಅಂತ ಕೇಳುತ್ತಿದ್ದ ಸರಣಿ ಅದು. ಈಗ 'ಅದು ಹಂಗೇ' ಅನ್ನುತ್ತಿದೆ.

ಮತ್ತೆ ಇದರಲ್ಲಿ ಒಂದು ಹೊಟ್ಟೆ ಉರಿಯುವ ಸಂಗತಿ ಇದೆ. ಗಾರ್ನ್ ಹೊಸ ಪ್ರಾಣಿಯೇನಲ್ಲ. 1967ರ ಜನವರಿಯಲ್ಲೇ 'ಅರೀನಾ' ಅನ್ನೋ ಎಪಿಸೋಡಿನಲ್ಲಿ ಬಂದಿತ್ತು, ಅದೂ ರಬ್ಬರ್ ಮುಖವಾಡದಲ್ಲಿ. ಗಾರ್ನ್ ಬಂದು ಭೂಮಿಯವರ ಒಂದು ನೆಲೆಯನ್ನು ಸುಟ್ಟು ಹಾಕುತ್ತದೆ, ಕಿರ್ಕ್ ಸಿಟ್ಟಿನಿಂದ ಬೆನ್ನು ಹತ್ತುತ್ತಾನೆ, ಇಬ್ಬರೂ ಒಂದು ಬಂಜರು ಗ್ರಹದಲ್ಲಿ ಕೈಕೈ ಮಿಲಾಯಿಸಬೇಕಾಗುತ್ತದೆ. ಗಾರ್ನ್ ನೆಲಕ್ಕೆ ಬಿದ್ದಾಗ ಕಿರ್ಕ್ ಕೊಲ್ಲುವುದಿಲ್ಲ. ಬಹುಶಃ ಇವರ ಜಾಗಕ್ಕೆ ನಾವೇ ನುಗ್ಗಿದ್ದೇವೇನೋ ಅನ್ನೋ ಅನುಮಾನ ಅವನಿಗೆ ಅಷ್ಟೊತ್ತಿಗೆ ಬಂದಿರುತ್ತದೆ. ಈ ಕಥೆಯ ಎಳೆ ಫ್ರೆಡ್ರಿಕ್ ಬ್ರೌನ್ 1944ರಲ್ಲಿ ಬರೆದ ಒಂದು ಸಣ್ಣಕಥೆಯದು. ಅದರಲ್ಲಿ ಮನುಷ್ಯ ಎದುರಾಳಿಯನ್ನು ಕೊಂದೇ ಬಿಡುತ್ತಾನೆ. ಟಿವಿಗೆ ಬರೆದವನು ಆ ಕೊನೆಯನ್ನು ತಿರುಗಿಸಿದ.

ಆ ತಿರುಗಿಸಿದವನ ಹೆಸರು ಜೀನ್ ಕೂನ್. ಸ್ಟಾರ್ ಟ್ರೆಕ್ ಅಂದ ಕೂಡಲೇ ಎಲ್ಲರೂ ಜೀನ್ ರಾಡನ್‌ಬೆರಿ ಹೆಸರು ಹೇಳುತ್ತಾರೆ, ಸರಿ, ಹುಟ್ಟಿಸಿದವರು ಅವರೇ. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ಹಾರಿಸಿ, ಆಮೇಲೆ ಪ್ಯಾಸೆಂಜರ್ ವಿಮಾನದ ಪೈಲಟ್ ಆಗಿ, 1947ರಲ್ಲಿ ಸಿರಿಯಾದ ಮರುಭೂಮಿಯಲ್ಲಿ ವಿಮಾನ ಬಿದ್ದರೂ ಬದುಕಿ, ಲಾಸ್ ಏಂಜಲೀಸ್‌ನಲ್ಲಿ ಪೊಲೀಸ್ ಕೆಲಸವನ್ನೂ ಮಾಡಿ ಬಂದ ಮನುಷ್ಯ. ಆದರೆ ಆ ಮೊದಲ ವರ್ಷದ ನಡುವೆ ಬಂದು ಸೇರಿಕೊಂಡ ಕೂನ್, ಮರೀನ್ ಪಡೆಯಲ್ಲಿ ಇದ್ದವರು, ಏನು ಮಾಡಿದರು ನೋಡಿ. ಜನವರಿ 19ಕ್ಕೆ ಗಾರ್ನ್. ಫೆಬ್ರವರಿ 16ಕ್ಕೆ 'ಸ್ಪೇಸ್ ಸೀಡ್', ಇನ್ನೊಬ್ಬರ ಜೊತೆ ಸೇರಿ ಬರೆದದ್ದು, ಅದರಲ್ಲಿ ಖಾನ್ ಅನ್ನೋ ಸರ್ವಾಧಿಕಾರಿ ಹಡಗನ್ನೇ ಕಿತ್ತುಕೊಳ್ಳೋಕೆ ನೋಡಿ ಸೋಲುತ್ತಾನೆ. ಮಾರ್ಚ್ 9ಕ್ಕೆ ನಮ್ಮ ಜಮಖಾನೆ. ಏಳೇ ವಾರ. ಮೂರು ಕಥೆ, ಮೂರು ವೈರಿಗಳು, ಮೂವರನ್ನೂ ಕೊಲ್ಲುವುದಿಲ್ಲ. ಖಾನ್‌ಗೂ ಜೈಲಿಲ್ಲ, ನಿನಗೆ ಆಳೋಕೆ ಜಾಗ ತಾನೇ ಬೇಕು, ತಗೋ ಈ ಕಾಡು ಗ್ರಹ, ಪಳಗಿಸು ಅಂತ ಬಿಟ್ಟು ಬರುತ್ತಾರೆ. ನನ್ನ ಪ್ರಕಾರ ಸ್ಟಾರ್ ಟ್ರೆಕ್‌ನ ಜೀವ ಇರುವುದು ಆ ಏಳು ವಾರದಲ್ಲಿ. ಕೂನ್ 1973ರಲ್ಲೇ ತೀರಿಕೊಂಡರು, ಇದು ಇಷ್ಟು ದೊಡ್ಡ ಸಾಮ್ರಾಜ್ಯ ಆಗುತ್ತದೆ ಅಂತ ಅವರಿಗೆ ಗೊತ್ತೇ ಆಗಲಿಲ್ಲ.

ಹಾಗಂತ ಹಳೆಯದೆಲ್ಲ ಬಂಗಾರ ಅಂತ ನಾನು ಹೇಳಲ್ಲ. 1966ರಿಂದ 1969ರವರೆಗೆ 79 ಎಪಿಸೋಡು ಬಂದವು. ಅದರಲ್ಲಿ ಸ್ಪಾಕ್‌ನ ಮಿದುಳನ್ನೇ ಯಾರೋ ಕದ್ದುಕೊಂಡು ಹೋಗುವ ಕಥೆಯೂ ಒಂದು. ಅದನ್ನು ನೋಡಿದವರು ನನ್ನ ಕಷ್ಟ ತಿಳಿಯುತ್ತಾರೆ. ದುಡ್ಡಿರಲಿಲ್ಲ. ಪ್ರತಿ ವಾರ ಹಡಗನ್ನು ಗ್ರಹದ ಮೇಲೆ ಇಳಿಸೋದು ತೋರಿಸೋಕೆ ಖರ್ಚು ಜಾಸ್ತಿ ಅಂತಲೇ ಮಿಂಚಿ ಮಾಯವಾಗುವ ಆ ಟ್ರಾನ್ಸ್‌ಪೋರ್ಟರ್ ಯಂತ್ರ ಹುಟ್ಟಿದ್ದು. ಥರ್ಮೋಕೋಲಿನಂಥ ಬಂಡೆ, ಬಣ್ಣ ಬಳಿದ ಆಕಾಶ. ಆದರೆ ತೋರಿಸೋಕೆ ಏನೂ ಇಲ್ಲದಾಗ ಮಾತಾಡಬೇಕಾಗುತ್ತದೆ ಅಲ್ವಾ? ಆ ಬಡತನ ಒಂದು ಥರ ವರವೇ ಆಯಿತು.

ಹಾಳಾಗಿದ್ದು ಯಾವಾಗ ಅಂತ ಕೇಳಿದರೆ, ಎಲ್ಲರೂ 2009ರ ಸಿನಿಮಾ ಅನ್ನುತ್ತಾರೆ, ಇಲ್ಲ 2017ರ ಹೊಸ ಸರಣಿ ಅನ್ನುತ್ತಾರೆ. ನಾನು 1982 ಅನ್ನುತ್ತೇನೆ. ಬೈಯುವವರು ಬೈಯಿರಿ. 1979ರ ಮೊದಲ ಸಿನಿಮಾಕ್ಕೆ ನಾಲ್ಕು ಕೋಟಿ ಡಾಲರಿಗೂ ಜಾಸ್ತಿ ಸುರಿದಿದ್ದರು, ನಿಧಾನದ ಸಿನಿಮಾ, ಸ್ಟುಡಿಯೊದವರಿಗೆ ಸಮಾಧಾನ ಆಗಲಿಲ್ಲ. ರಾಡನ್‌ಬೆರಿಯನ್ನು ಸಲಹೆಗಾರ ಅಂತ ಪಕ್ಕಕ್ಕೆ ಕೂರಿಸಿದರು. ಎರಡನೆಯದನ್ನು ಮೂರನೇ ಒಂದು ಭಾಗಕ್ಕಿಂತ ಕಡಿಮೆ ದುಡ್ಡಿನಲ್ಲಿ ಮಾಡಿದರು, ಅದೇ 'ದಿ ರಾತ್ ಆಫ್ ಖಾನ್'. ಕೂನ್ ಕಾಲದಲ್ಲಿ ಗ್ರಹ ಕೊಟ್ಟು ಬಿಟ್ಟು ಬಂದಿದ್ದರಲ್ಲ, ಅದೇ ಖಾನ್ ಸೇಡು ತೀರಿಸಿಕೊಳ್ಳೋಕೆ ವಾಪಸ್ ಬರುತ್ತಾನೆ. ಸಿನಿಮಾ ಸಖತ್ತಾಗಿದೆ. ನಾನೇ ಹತ್ತು ಸಲ ನೋಡಿದ್ದೇನೆ, ಸ್ಪಾಕ್ ಸಾಯುವಾಗ ಹತ್ತು ಸಲ ಅತ್ತಿದ್ದೇನೆ. ತೊಂದರೆ ಇರುವುದು ಅದು ಚೆನ್ನಾಗಿರುವುದರಲ್ಲೇ. ಆಮೇಲೆ ಬಂದ ಪ್ರತಿಯೊಬ್ಬ ನಿರ್ಮಾಪಕನಿಗೂ ಒಬ್ಬ ಖಾನ್ ಬೇಕಾಯಿತು. 2002ರ ಸಿನಿಮಾದಲ್ಲಿ ಸೇಡಿನವನು, 2009ರಲ್ಲಿ ಸೇಡಿನವನು, 2013ರಲ್ಲಂತೂ ಖಾನ್‌ನನ್ನೇ ಮತ್ತೆ ತಂದರು.

ನಗು ಬರುವ ವಿಷಯ ಅಂದರೆ, ಹಳೆಯ ತಂಡದ ಆರು ಸಿನಿಮಾಗಳಲ್ಲಿ ಅಮೆರಿಕದಲ್ಲಿ ಎಲ್ಲಕ್ಕಿಂತ ಜಾಸ್ತಿ ದುಡ್ಡು ಮಾಡಿದ್ದು 1986ರದ್ದು, ಅದರಲ್ಲಿ ವೈರಿಯೇ ಇಲ್ಲ! ತಿಮಿಂಗಿಲ ಹುಡುಕಿಕೊಂಡು ಹಳೇ ಕಾಲಕ್ಕೆ ಬರುತ್ತಾರೆ, ಬಸ್ ಹತ್ತೋಕೂ ಪರದಾಡುತ್ತಾರೆ. ಇಷ್ಟು ಸಾಕ್ಷಿ ಕಣ್ಣೆದುರಿಗೆ ಇದ್ದರೂ ಸ್ಟುಡಿಯೊಗಳು ಕಲಿತದ್ದು ಮಾತ್ರ ಖಾನ್ ಪಾಠವನ್ನೇ.

ಟಿವಿಯಲ್ಲಿ ಮಾತ್ರ ಆ ಗುಣ ಇನ್ನೂ ಸ್ವಲ್ಪ ಕಾಲ ಉಳಿಯಿತು. 1987ರಿಂದ 1994ರವರೆಗೆ ಬಂದ 'ದಿ ನೆಕ್ಸ್ಟ್ ಜನರೇಶನ್' ನನಗೆ ಸಿಕ್ಕಿದ್ದು ಕೆಲಸಕ್ಕೆ ಸೇರಿದ ಮೇಲೆ, ಸಿಡಿಗಳಲ್ಲಿ. ಅದರ ಮೊದಲ ವರ್ಷ ನೀರಸ, ಕೆಲವು ಎಪಿಸೋಡು ನಾಚಿಕೆ ತರಿಸುತ್ತವೆ. ಹಿಡಿತ ಸಿಕ್ಕ ಮೇಲೆ ಮಾತ್ರ ಭಾರಿ. ಆ ಹಡಗಿನಲ್ಲಿ ಒಂದು ಕಾನ್ಫರೆನ್ಸ್ ರೂಮ್ ಇದೆ. ಏನೇ ತಾಪತ್ರಯ ಬರಲಿ, ಕ್ಯಾಪ್ಟನ್ ಪಿಕಾರ್ಡ್ ಎಲ್ಲರನ್ನೂ ಆ ಮೇಜಿನ ಸುತ್ತ ಕೂರಿಸುತ್ತಾನೆ. ಏನು ಗೊತ್ತಿದೆ, ಏನು ಗೊತ್ತಿಲ್ಲ, ಯಾರು ಏನು ಹೇಳುತ್ತೀರಿ? ಅಷ್ಟೇ. ಚಿಕ್ಕವಯಸ್ಸಿನಲ್ಲಿ ಅದು ಬೋರ್ ಅನ್ನಿಸುತ್ತಿತ್ತು. ಈಗ ಆ ಸರಣಿಯಲ್ಲಿ ನನಗೆ ತೀರಾ ಇಷ್ಟವಾದ ಜಾಗ ಆ ಮೇಜೇ.

(ಎಂಟರ್‌ಪ್ರೈಸ್ ಅನ್ನೋ ಆ ಹಡಗಿನ ಉದ್ದ ಸುಮಾರು 640 ಮೀಟರ್ ಅಂತೆ. ನಮ್ಮ ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್. ಅಂದರೆ ಎರಡು ಎಂಟರ್‌ಪ್ರೈಸ್ ಒಂದರ ಹಿಂದೆ ಒಂದು ನಿಲ್ಲಿಸಿದರೂ ಹಿಂದೆ ನಾಲ್ಕಾರು ಡಬ್ಬಿ ಜೋಡಿಸಬಹುದು. ಇದನ್ನು ಅಪ್ಪನಿಗೆ ಹೇಳಿದಾಗ ಮುಖ ನೋಡಬೇಕಿತ್ತು.)

ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುವ ನನ್ನ ಗೆಳೆಯನಿಗೆ ಒಂದು ಸಲ 'ದಿ ಮೆಷರ್ ಆಫ್ ಎ ಮ್ಯಾನ್' ತೋರಿಸಿದ್ದೆ, 1989ರ ಎಪಿಸೋಡು. ಡೇಟಾ ಅನ್ನೋ ಯಂತ್ರಮಾನವ ಒಬ್ಬ ವ್ಯಕ್ತಿಯೋ, ಇಲ್ಲ ಸರ್ಕಾರಿ ಸಾಮಾನೋ ಅಂತ ವಿಚಾರಣೆ. ಇಡೀ ಕಥೆ ನಾಲ್ಕು ಗೋಡೆಯೊಳಗೆ. ಒಂದು ಗುಂಡು ಹಾರುವುದಿಲ್ಲ. ಡೇಟಾನ ಗೆಳೆಯನೇ ಅವನ ವಿರುದ್ಧ ವಾದ ಮಾಡಬೇಕು, ಮಾಡುತ್ತಾನೆ, ಅವನ ಕೈಯನ್ನು ಬಿಚ್ಚಿ ಮೇಜಿನ ಮೇಲೆ ಇಡುತ್ತಾನೆ, ಇಟ್ಟು ಬೆವರುತ್ತಾನೆ. ಬರೆದವರು ಮೆಲಿಂಡಾ ಸ್ನಾಡ್‌ಗ್ರಾಸ್, ಅವರೂ ವಕೀಲರೇ. ನನ್ನ ಗೆಳೆಯ ಮುಗಿಯುವ ತನಕ ಮಾತಾಡಲಿಲ್ಲ. ಆಮೇಲೆ ಅಂದ: "ಪ್ರೊಸೀಜರ್ ಎಲ್ಲಾ ತಪ್ಪೈತಿ. ಆದ್ರ ಆರ್ಗ್ಯುಮೆಂಟ್ ಖರೇ ಐತಿ." ಈಗ ಎಐ ಅಂತ ಊರೆಲ್ಲ ಮಾತಾಡುವಾಗ ಆ ಎಪಿಸೋಡನ್ನು ಮತ್ತೆ ನೋಡಿ.

ಇನ್ನೊಂದು 'ಡಾರ್ಮಾಕ್', 1991ರದ್ದು. ಇದು ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ಅಲ್ಲಿ ಒಂದು ಜನಾಂಗದ ಭಾಷೆಯೇ ಪುರಾಣದ ಉಲ್ಲೇಖ. ಶಬ್ದ ಗೊತ್ತಾಗುತ್ತದೆ, ಅರ್ಥ ಆಗುವುದಿಲ್ಲ, ಯಾಕಂದರೆ ಕಥೆ ಗೊತ್ತಿಲ್ಲ. ನಮ್ಮ ಅಜ್ಜಿ ಬರೀ 'ಶಬರಿ ಬೋರೆಹಣ್ಣು' ಅಂದರೆ ಮನೆಗೆ ಬಂದವರು ಪ್ರೀತಿಯಿಂದ ಏನೋ ತಂದಿದ್ದಾರೆ ಅಂತ ನಮಗೆ ತಿಳಿಯುತ್ತಿತ್ತು. ಪಿಕಾರ್ಡ್ ನಮ್ಮ ಅಜ್ಜಿಯ ಎದುರು ಕೂತಿದ್ದರೆ ಆಕೆ ಬೋರೆಹಣ್ಣು ಮಾರಲು ಬಂದಿದ್ದಾಳೆ ಅಂದುಕೊಳ್ಳುತ್ತಿದ್ದ. ಆ ಎಪಿಸೋಡಿನಲ್ಲಿ ಅವನು ಕಾಡಿನಲ್ಲಿ ಬೆಂಕಿಯ ಪಕ್ಕ ಕೂತು, ಸಾಯುತ್ತಿರುವ ಎದುರಿನವನಿಗೆ ತನಗೆ ಗೊತ್ತಿರುವ ಒಂದು ಹಳೇ ಕಥೆ ಹೇಳುತ್ತಾನೆ. ಇಲ್ಲೂ ಕೂರುವುದೇ.

ಆದರೆ 1987ರಿಂದ 2005ರವರೆಗೆ ಹದಿನೆಂಟು ವರ್ಷ ಬಿಡುವಿಲ್ಲದೆ ನಾಲ್ಕು ಸರಣಿ, ಒಟ್ಟು 624 ಎಪಿಸೋಡು. ಯಾರಿಗಾದರೂ ಸುಸ್ತಾಗುತ್ತದೆ. ನಡುವೆ 'ಡೀಪ್ ಸ್ಪೇಸ್ ನೈನ್' ಕತ್ತಲ ಕಡೆ ಹೋಯಿತು, ಯುದ್ಧ ತಂದಿತು, ಕ್ಯಾಪ್ಟನ್ ಸುಳ್ಳು ಹೇಳುವುದನ್ನು, ಕೊಲೆಗೆ ಪಾಲುದಾರ ಆಗುವುದನ್ನು ತೋರಿಸಿತು. ಗುಣ ಕೆಟ್ಟಿತು ಅಂತ ಆಗಲೂ ಜನ ಅಂದರು. ನಾನು ಒಪ್ಪಲ್ಲ. ಆ ಕ್ಯಾಪ್ಟನ್‌ಗೆ ತಾನು ಏನು ಕಳೆದುಕೊಂಡೆ ಅಂತ ಗೊತ್ತಿತ್ತು. ಉಳಿದ ಎರಡರ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ, ಹಳೇ ಹಿಟ್ಟಿಗೆ ನೀರು ಹಾಕಿ ಹಾಕಿ ದೋಸೆ ಹೊಯ್ದರು.

ಇಲ್ಲಿ ಕುಂದಗೋಳದ ಮಾತು ಬರಲೇಬೇಕು. ರೈಲ್ವೆ ಪಾಸ್ ಇದ್ದಿದ್ದರಿಂದ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು, ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಹಾಡುಗಾರಿಕೆ. ನಾನು ಜಮಖಾನೆಯ ಮೇಲೆ ಅಪ್ಪನ ತೊಡೆಗೆ ತಲೆಯಿಟ್ಟು ಮಲಗುತ್ತಿದ್ದೆ. ಒಂದು ಸಲ ಕಣ್ಣು ಬಿಟ್ಟಾಗ ಹಾಡುವವರು ಯಾವ ಸ್ವರದ ಹತ್ತಿರ ಇದ್ದರೋ, ಮತ್ತೆ ನಿದ್ದೆ ಮಾಡಿ ಎದ್ದಾಗಲೂ ಅದರ ಪಕ್ಕದಲ್ಲೇ ಎಲ್ಲೋ ಸುಳಿದಾಡುತ್ತಿದ್ದರು. "ಇನ್ನೂ ಶುರುನೇ ಆಗಿಲ್ಲೇನಪ್ಪ?" ಅಂತ ಕೇಳಿದ್ದಕ್ಕೆ ಅಪ್ಪ, "ಶುರು ಆಗೇದ. ಅವಸರ ಇಲ್ಲ ಅವರಿಗೆ" ಅಂದಿದ್ದರು.

ಕಿರಾಣಾ ಘರಾಣೆಯ, ಅಂದರೆ ಆ ಹಾಡುಗಾರಿಕೆಯ ಮನೆತನದ, ಅಬ್ದುಲ್ ಕರೀಮ್ ಖಾನರ ದನಿ ತೆಳು, ಜೇನಿನಂಥದ್ದು. ಅವರ ಶಿಷ್ಯ ಸವಾಯಿ ಗಂಧರ್ವರು. ಅವರ ಹತ್ತಿರ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಕಲಿತ ಗಂಗೂಬಾಯಿ ಹಾನಗಲ್ಲರದು ಗಂಡಸಿನಂಥ ಗಟ್ಟಿ ದನಿ. ಅದೇ ಗುರುವಿನ ಹತ್ತಿರ ಕಲಿತ, ಗದಗ ಸೀಮೆಯ ಭೀಮಸೇನ ಜೋಶಿಯವರದು ಗುಡುಗು. ಒಬ್ಬರ ಹಾಗೆ ಇನ್ನೊಬ್ಬರು ಹಾಡಲಿಲ್ಲ. ಕಣ್ಣುಮುಚ್ಚಿ ಕೇಳಿದರೆ ಮೂವರೂ ಬೇರೆ ಬೇರೆ ಊರಿನವರು ಅನ್ನಬೇಕು. ಆದರೂ ಒಂದೇ ಮನೆ. ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಒಂದೊಂದೇ ಸ್ವರ ಮುಟ್ಟಿ, ಅದರ ಹತ್ತಿರ ಕೂತು, ಅದು ಏನು ಕೊಡುತ್ತದೆ ಅಂತ ಕಾದು, ಆಮೇಲೆ ಮುಂದೆ ಹೋಗುವ ಆ ತಾಳ್ಮೆ ಮೂವರಲ್ಲೂ ಇತ್ತು. ಭೀಮಸೇನರು ಗುರುವಿನ ಪೇಟ ಕೋಟು ಹಾಕಿಕೊಂಡು, ಗುರು ಹಾಡಿದ್ದನ್ನೇ ಹಾಡಿದ್ದರೆ ಅದು ಘರಾಣೆ ಆಗುತ್ತಿರಲಿಲ್ಲ, ಗ್ಯಾದರಿಂಗಿನ ಮಿಮಿಕ್ರಿ ಆಗುತ್ತಿತ್ತು.

ಹೊಸ ಸ್ಟಾರ್ ಟ್ರೆಕ್‌ನಲ್ಲಿ ಪೇಟ ಕೋಟು ಎಲ್ಲಾ ಇದೆ. ಹಳೇ ಹಡಗು, ಹಳೇ ಹೆಸರು, ಹಳೇ ಬಾಗಿಲಿನ ಸಪ್ಪಳ ಕೂಡ. ಸ್ಪಾಕ್ ಇದ್ದಾನೆ, ಅವನಿಗೆ ಹಿಂದೆಂದೂ ಕೇಳಿರದ ಒಬ್ಬ ಅಕ್ಕನೂ ಬಂದಳು. ಬರೆಯುವವರು ಚಿಕ್ಕಂದಿನಿಂದ ಸ್ಟಾರ್ ಟ್ರೆಕ್ ನೋಡಿ ಬೆಳೆದವರು, ಅದು ಅವರ ಪ್ರೀತಿ, ತಪ್ಪಲ್ಲ. ಆದರೆ ರಾಡನ್‌ಬೆರಿ, ಕೂನ್ ಸ್ಟಾರ್ ಟ್ರೆಕ್ ನೋಡಿ ಬೆಳೆದವರಲ್ಲ. ಯುದ್ಧ ನೋಡಿ ಬಂದವರು, ಯುದ್ಧದ ಬಗ್ಗೆ ಬರೆದರು. ಇವರು ಸ್ಟಾರ್ ಟ್ರೆಕ್ ಬಗ್ಗೆ ಸ್ಟಾರ್ ಟ್ರೆಕ್ ಬರೆಯುತ್ತಿದ್ದಾರೆ.

2017ರ 'ಡಿಸ್ಕವರಿ' ಐದು ಸೀಸನ್, 65 ಎಪಿಸೋಡು. ಮೊದಲು ವರ್ಷಕ್ಕೆ 26 ಕಥೆ ಇರುತ್ತಿದ್ದವು, ಈಗ ವರ್ಷಕ್ಕೆ ಹತ್ತೋ ಹದಿಮೂರೋ, ಅದೂ ಎಲ್ಲಾ ಸೇರಿ ಒಂದೇ ಉದ್ದ ಕಥೆ. ಒಂದು ಎಪಿಸೋಡಿಗೆ ಸಿನಿಮಾದಷ್ಟು ಖರ್ಚು ಮಾಡಿದ ಮೇಲೆ ಗಣಿಯಲ್ಲಿ ಪಂಪು ಕೆಟ್ಟಿದೆ ಅನ್ನೋ ಕಥೆ ಸಾಲುತ್ತದಾ? ಇಡೀ ಗ್ಯಾಲಕ್ಸಿಯೇ ಮುಳುಗಬೇಕು. ಒಂದು ಸೀಸನ್ನಿನಲ್ಲಿ ಜೀವಸಂಕುಲವೇ ನಾಶ, ಮುಂದಿನದರಲ್ಲಿ ಎಲ್ಲಾ ಹಡಗುಗಳೂ ಒಟ್ಟಿಗೆ ಸ್ಫೋಟ. ದ್ರುತ್, ಅಂದರೆ ವೇಗದ, ಲಯದಲ್ಲೇ ಶುರು, ದ್ರುತ್ ಲಯದಲ್ಲೇ ಮುಗಿತಾಯ. ಆ ಹಡಗು ಓಡುವುದು ಬಾಹ್ಯಾಕಾಶದಲ್ಲಿ ಹಬ್ಬಿರುವ ಅಣಬೆಯ ಬೇರಿನ ಜಾಲದ ಮೇಲೆ. ಅಪ್ಪನಿಗೆ ಇದನ್ನು ವಿವರಿಸಿದ್ದೆ. ಮಳೆಗಾಲದಲ್ಲಿ ಹಿತ್ತಲಲ್ಲಿ ಏಳುವ ಅಣಬೆ ನೋಡಿದಾಗಲೆಲ್ಲ, "ಏ, ಇಂಜಿನ್ ಬಂದಾವ ನೋಡು" ಅನ್ನುತ್ತಾರೆ.

ನ್ಯಾಯವಾಗಿ ಹೇಳಬೇಕು ಅಂದರೆ, ಅದೇ ಡಿಸ್ಕವರಿಯ ನಾಲ್ಕನೇ ಸೀಸನ್ ಕೊನೆಗೆ ಹಳೇ ದಾರಿಗೆ ಬಂತು. ತೊಂದರೆ ಕೊಡುತ್ತಿದ್ದವರಿಗೆ ತಾವು ತೊಂದರೆ ಕೊಡುತ್ತಿದ್ದೇವೆ ಅಂತಲೇ ಗೊತ್ತಿರಲಿಲ್ಲ, ಅವರ ಭಾಷೆ ವಾಸನೆಯ ಕಣಗಳಲ್ಲಿ, ಅದನ್ನು ಲೆಕ್ಕ ಹಾಕಿ ಬಿಡಿಸಿ ಮಾತಾಡಿಸುತ್ತಾರೆ. ನಾನು ಎದ್ದು ಕೂತೆ. ಅಲ್ಲಿಗೆ ಬರೋಕೆ ಹದಿಮೂರು ಎಪಿಸೋಡು ಅಳಬೇಕಾಯಿತು, ಅದೊಂದು ಬೇಜಾರು. ಮತ್ತೆ ಈ ಸರಣಿ ಕೆಟ್ಟಿದ್ದು ಕಪ್ಪು ಹೆಂಗಸನ್ನು ಕ್ಯಾಪ್ಟನ್ ಮಾಡಿದ್ದರಿಂದ ಅಂತ ಕೆಲವರು ಬರೆಯುತ್ತಾರಲ್ಲ, ಅವರ ಜೊತೆ ನನ್ನನ್ನು ಸೇರಿಸಬೇಡಿ. 1966ರಲ್ಲೇ ಉಹುರಾ ಅನ್ನೋ ಕಪ್ಪು ಅಧಿಕಾರಿ ಕಿರ್ಕ್‌ನ ಹಡಗಿನಲ್ಲಿ ಕೂತಿದ್ದಳು. ಆ ಪಾತ್ರ ಬಿಟ್ಟು ಹೋಗಬೇಕೆಂದಿದ್ದ ನಿಷೆಲ್ ನಿಕೋಲ್ಸ್‌ಗೆ ಬಿಡಬೇಡ ಅಂದವರು ಮಾರ್ಟಿನ್ ಲೂಥರ್ ಕಿಂಗ್, ಅದನ್ನು ಆಕೆಯೇ ಎಷ್ಟೋ ಸಲ ಹೇಳಿದ್ದಾರೆ.

ಗಾರ್ನ್‌ಗೂ 2025ರಲ್ಲಿ ಒಂದು ಅವಕಾಶ ಸಿಕ್ಕಿತು. 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್'ನ ಮೂರನೇ ಸೀಸನ್ನಿನಲ್ಲಿ ಹಡಗಿನ ಪೈಲಟ್ ಒರ್ಟೇಗಾಸ್ ಒಂದು ಗಾರ್ನ್ ಜೊತೆ ಗ್ರಹವೊಂದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ. ಇಬ್ಬರೂ ಬೆಂಕಿ ಕಾಯಿಸುತ್ತಾರೆ, ಆಟ ಆಡುತ್ತಾರೆ, ಒಬ್ಬರನ್ನೊಬ್ಬರು ಉಳಿಸುತ್ತಾರೆ. ಕೊನೆಗೆ ಬಿಡಿಸೋಕೆ ಬಂದವರು, ಏನು ಎತ್ತ ಅಂತ ಕೇಳದೆ, ಗಾರ್ನ್ ಕಂಡ ಕೂಡಲೇ ಗುಂಡು ಹೊಡೆಯುತ್ತಾರೆ. ಬರೆದವರಿಗೂ ತಮ್ಮ ತಪ್ಪು ಗೊತ್ತಿದೆ ಅನ್ನಿಸಿತು. ಗೊತ್ತಿದ್ದೂ ಕೊಂದರು.

ಮಗಳು ವಾಪಸ್ ಹೋಗುವ ಹಿಂದಿನ ರಾತ್ರಿ ನಾನೇ ಹುಡುಕಿ ಆ ಜಮಖಾನೆಯ ಎಪಿಸೋಡು ಹಾಕಿದೆ. ಮೂವರೂ ಕೂತೆವು. ಅಪ್ಪ ಅದನ್ನು ಬಣ್ಣದಲ್ಲಿ ನೋಡಿದ್ದು ಅದೇ ಮೊದಲು. "ಕೆಂಪ್ ಐತೇನು ಅದು!" ಅಂದರು. ಮಗಳು ಮೊದಲು ನಕ್ಕಳು, ಆಮೇಲೆ ಫೋನು ಪಕ್ಕಕ್ಕಿಟ್ಟಳು. ಹೋರ್ಟಾ ಬಂಡೆಯ ಮೇಲೆ ಮೂರು ಶಬ್ದ ಸುಟ್ಟು ಬರೆಯುತ್ತದೆ. ಕೊಲ್ಲಬೇಡಿ ಅಂತ ಬೇಡುತ್ತಿದೆಯೋ, ನಾನು ಕೊಲ್ಲಲ್ಲ ಅಂತ ಮಾತು ಕೊಡುತ್ತಿದೆಯೋ, ಎರಡೂ ಅರ್ಥ ಆಗುತ್ತದೆ. ಅವಳು ಅದನ್ನು ನಿಲ್ಲಿಸಿ ಎರಡು ಸಲ ಓದಿದಳು.

ಆದರೆ ಅದಕ್ಕೂ ಮುಂಚೆ ಒಂದು ಎಡವಟ್ಟಾಗಿತ್ತು. ಸ್ಕಾಟಿಯ ಪಂಪು ಕಥೆಯ ನಡುವೆಯೇ ಕೆಟ್ಟು ನಿಂತಿತು. ನಾನೂ ಮರೆತಿದ್ದೆ. ನಲವತ್ತು ವರ್ಷ ಈ ಮನೆಯಲ್ಲಿ ಕಡೀತನಕ ತಡೆದಿದ್ದ ಪಂಪು ಅದು. ಸ್ಕಾಟಿ ತಾನೇ ಬಂದು, ಆಗಲಿಲ್ಲ, ಕೈಕೊಟ್ಟಿತು ಅಂತ ಒಪ್ಪಿಕೊಳ್ಳುತ್ತಾನೆ. ನಾನು ಮೆಲ್ಲಗೆ ಅಪ್ಪನ ಕಡೆ ನೋಡಿದೆ.

ಅಪ್ಪ ತೆರೆಯಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಂದರು:

"ಗ್ಯಾಸ್ಕೆಟ್ ಇರಲಿಲ್ಲ ಅವನ ಹತ್ರ. ಪಾಪ, ಅಂವಾ ಏನ್ ಮಾಡ್ತಾನ."